ಅಡಿಕೆ ಸೊಸೈಟಿಯ ಜಾಲತಾಣದಿಂದ ಹೊಸ ಟ್ಯಾಬ್‌ಗಳನ್ನು ಕಿತ್ತ ಕೆಲಸ

ಕೆಲಸಕ್ಕೆ ಕೂತಾಗ ಆ ಜಾಲತಾಣದ ಸ್ಥಿತಿ ಹೀಗಿತ್ತು. ಯಾವ ಲಿಂಕ್ ಒತ್ತಿದರೂ ಹೊಸ ಟ್ಯಾಬ್. ಮುಖಪುಟದಿಂದ 'ಇಂದಿನ ಧಾರಣೆ'ಗೆ ಹೋದರೆ ಒಂದು ಟ್ಯಾಬ್. ಅಲ್ಲಿ 'ಮುಖಪುಟ' ಒತ್ತಿದರೆ ಇನ್ನೊಂದು ಟ್ಯಾಬ್, ಅದರಲ್ಲಿ ಮತ್ತದೇ ಮುಖಪುಟ. ಸುತ್ತೋಲೆ, ಸಾಲದ ಅರ್ಜಿ, ಭೂಮಿ ಪೋರ್ಟಲ್, ಹವಾಮಾನ, ಎಲ್ಲದಕ್ಕೂ ಇದೇ ಕತೆ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಅಡಿಕೆ ಬೆಳೆಗಾರರ ಸಹಕಾರ ಸಂಘದ ತಾಣ ಇದು. ವರ್ಡ್‌ಪ್ರೆಸ್ ಎಂಬ ತಾಣ ಕಟ್ಟುವ ತಂತ್ರಾಂಶದಲ್ಲಿ ಕಟ್ಟಿದ್ದು. ಕಟ್ಟಿಕೊಟ್ಟವರು ಈಗ ಫೋನಿಗೂ ಸಿಗುವುದಿಲ್ಲ.

ದೂರು ತಂದವರು ಸಂಘದ ಹಳೆಯ ಸದಸ್ಯರು, ನಿವೃತ್ತ ಮೇಷ್ಟ್ರು. ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿವೆ. ತೋಟದ ಲೆಕ್ಕ, ಪೇಪರ್ ಓದುವುದು, ಮಗಳಿಗೆ ಮೇಲ್ ಬರೆಯುವುದು ಎಲ್ಲ ಲ್ಯಾಪ್‌ಟಾಪ್‌ನಲ್ಲೇ. ಎನ್‌ವಿಡಿಎ ಎಂಬ ಪರದೆ ಓದುಗ ತಂತ್ರಾಂಶ ಅವರಿಗೆ ಎಲ್ಲವನ್ನೂ ಓದಿ ಹೇಳುತ್ತದೆ. ಅದು ಪುಕ್ಕಟೆ ಸಿಗುತ್ತದೆ. 2006ರಲ್ಲಿ ಅದನ್ನು ಶುರುಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರಿಗೂ ಕಣ್ಣು ಕಾಣುವುದಿಲ್ಲ.

"ನಿಮ್ಮ ಸೊಸೈಟಿ ಸೈಟಿಗೆ ಒಳಗೆ ಹೋಗ್ಬಹುದು, ವಾಪಸ್ ಬರೋಕೆ ಆಗಲ್ಲ ಮಾರಾಯ" ಎಂದರು ಮೇಷ್ಟ್ರು.

ಅವರ ಪಕ್ಕದಲ್ಲಿ ಕೂತು ನೋಡಿದೆ. 'ಇಂದಿನ ಧಾರಣೆ' ಮೇಲೆ ಎಂಟರ್ ಒತ್ತಿದರು. ಪುಟ ಬಂತು, ದನಿ ಓದಲು ಶುರುಮಾಡಿತು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ದರ ಕೇಳಿಸಿಕೊಂಡರು. ಆಮೇಲೆ ಹಿಂದೆ ಹೋಗಲು ಆಲ್ಟ್ ಹಿಡಿದು ಎಡ ಬಾಣ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಹೊಸ ಟ್ಯಾಬ್‌ಗೆ ಹಿಂದಿನ ಪುಟ ಎಂಬುದೇ ಇರುವುದಿಲ್ಲವಲ್ಲ, ಹಿಂದಕ್ಕೆ ಹೋಗುವುದೆಲ್ಲಿಗೆ? ಕಣ್ಣಿದ್ದವರಿಗೆ ಮೇಲೆ ಇನ್ನೊಂದು ಟ್ಯಾಬ್ ಮೂಡಿದ್ದು ಕಾಣುತ್ತದೆ, ಬಾಣದ ಗುರುತು ಬೂದಿ ಬಣ್ಣಕ್ಕೆ ತಿರುಗಿದ್ದು ಕಾಣುತ್ತದೆ. ಕೇಳಿ ಓದುವವರಿಗೆ ಇವೆರಡೂ ಇಲ್ಲ. ತೀರ್ಥಹಳ್ಳಿ ಬಸ್ಸಿನಲ್ಲಿ ನಿದ್ದೆ ಹೋದವನನ್ನು ಎಬ್ಬಿಸದೆ ಸಾಗರದ ಬಸ್ಸಿಗೆ ಹಾಕಿದ ಹಾಗೆ.

ಎಲ್ಲಿದ್ದೇನೆ ಎಂದು ತಿಳಿಯಲು ಅವರ ಬಳಿ ಇನ್ನೊಂದು ದಾರಿ ಇತ್ತು. ಎನ್‌ವಿಡಿಎಗೆಂದು ಗೊತ್ತುಮಾಡಿದ ಕೀಲಿಯ ಜೊತೆ ಟಿ ಒತ್ತಿದರೆ ಕಿಟಕಿಯ ಶೀರ್ಷಿಕೆ ಓದುತ್ತದೆ. ಒತ್ತಿದರು. ಸಂಘದ ಹೆಸರು ಓದಿತು. ಬೇರೆ ಟ್ಯಾಬ್‌ಗೆ ಹೋಗಿ ಒತ್ತಿದರು. ಮತ್ತೆ ಸಂಘದ ಹೆಸರೇ. ಎಲ್ಲ ಪುಟಗಳಿಗೂ ಒಂದೇ ಶೀರ್ಷಿಕೆ ಕೊಟ್ಟಿದ್ದರು. ಹೊಸ ಟ್ಯಾಬ್ ತೆರೆದಾಗ ಪರದೆ ಓದುಗ ಮೊದಲು ಹೇಳುವುದು ಶೀರ್ಷಿಕೆಯನ್ನೇ. ಅದು ಬೇರೆ ಬೇರೆ ಇದ್ದಿದ್ದರೆ ಜಾಗ ಬದಲಾಯಿತು ಎಂಬ ಸುಳಿವಾದರೂ ಸಿಗುತ್ತಿತ್ತು. ಇಲ್ಲಿ ಎರಡು ದೋಷ ಸೇರಿ ಒಂದು ದೊಡ್ಡ ಗೋಜಲಾಗಿತ್ತು.

ಶೀರ್ಷಿಕೆಯ ರಿಪೇರಿ ಸಲೀಸು. ತಾಣದ ರೂಪ ನಿರ್ಧರಿಸುವ ಥೀಮ್‌ನ ಹೆಡರ್ ಕಡತದಲ್ಲಿ ಸಂಘದ ಹೆಸರನ್ನು ಕೈಯಲ್ಲೇ ಬರೆದಿಟ್ಟಿದ್ದರು. ಅದನ್ನು ತೆಗೆದು, ಶೀರ್ಷಿಕೆಯನ್ನು ವರ್ಡ್‌ಪ್ರೆಸ್‌ಗೇ ಬಿಟ್ಟೆ. ಈಗ 'ಇಂದಿನ ಧಾರಣೆ' ಮೊದಲು, ಸಂಘದ ಹೆಸರು ಆಮೇಲೆ. ಈ ಕ್ರಮ ಮುಖ್ಯ. ಉದ್ದದ ಸಂಘದ ಹೆಸರೇ ಮೊದಲು ಬಂದರೆ ಪ್ರತಿ ಸಲ ಅದು ಮುಗಿಯುವವರೆಗೆ ಕಾಯಬೇಕು. ಇದೆಲ್ಲವನ್ನೂ ಮಾಡಿದ್ದು ಚೈಲ್ಡ್ ಥೀಮ್‌ನಲ್ಲಿ, ಅಂದರೆ ಮೂಲ ಥೀಮ್‌ನ ಮೇಲೆ ನಮ್ಮ ಬದಲಾವಣೆಗಳನ್ನು ಬೇರೆಯಾಗಿ ಇಡುವ ಕಡತಗಳಲ್ಲಿ. ಮೂಲ ಥೀಮ್‌ನಲ್ಲೇ ಕೈ ಹಾಕಿದರೆ ಮುಂದಿನ ಅಪ್‌ಡೇಟ್ ಎಲ್ಲವನ್ನೂ ಅಳಿಸಿಬಿಡುತ್ತದೆ.

ಇನ್ನು ಟ್ಯಾಬ್‌ಗಳು. ಲಿಂಕ್ ಹೊಸ ಟ್ಯಾಬ್‌ನಲ್ಲಿ ತೆರೆಯಬೇಕಾದರೆ ಅದರ ಎಚ್‌ಟಿಎಂಎಲ್‌ನಲ್ಲಿ, ಅಂದರೆ ಪುಟ ಬರೆಯುವ ಸಂಕೇತ ಭಾಷೆಯಲ್ಲಿ, 'ಟಾರ್ಗೆಟ್' ಎಂಬ ಗುಣ ಇರುತ್ತದೆ, ಅದರ ಬೆಲೆ 'ಬ್ಲ್ಯಾಂಕ್', ಮುಂದೆ ಒಂದು ಅಂಡರ್‌ಸ್ಕೋರ್. ಈ ಟಾರ್ಗೆಟ್ ಹುಟ್ಟಿದ್ದು 1996ರ ನೆಟ್‌ಸ್ಕೇಪ್ ನ್ಯಾವಿಗೇಟರ್ 2ರ ಕಾಲದಲ್ಲಿ, ಫ್ರೇಮ್‌ಗಳ ಜೊತೆಗೆ. ಒಂದೇ ಪರದೆಯನ್ನು ಹೋಳು ಮಾಡಿ, ಎಡಗಡೆ ಪಟ್ಟಿ, ಬಲಗಡೆ ಪುಟ ಎಂದು ಇಡುತ್ತಿದ್ದರಲ್ಲ, ಎಡಗಡೆಯ ಲಿಂಕ್ ಬಲಗಡೆ ತೆರೆಯಲಿ ಎಂದು ಹೇಳಲು ಇದು ಬೇಕಿತ್ತು. ಫ್ರೇಮ್‌ಗಳು ಹೋದವು, ಟಾರ್ಗೆಟ್ ಉಳಿಯಿತು. ಎಚ್‌ಟಿಎಂಎಲ್ 4ರ ಕಟ್ಟುನಿಟ್ಟಿನ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟಿದ್ದರು. ಎಚ್‌ಟಿಎಂಎಲ್ 5ರಲ್ಲಿ ಮತ್ತೆ ಸೇರಿಸಿಕೊಂಡರು.

ಬರೀ ಹುಡುಕಿ ಅಳಿಸಿದರೆ ಮುಗಿಯುತ್ತದೆ ಎನ್ನಿಸಬಹುದು. ಆದರೆ ಈ ಕಾಟ ಬರುವ ಬಾಗಿಲು ಒಂದೇ ಅಲ್ಲ. ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಹಚ್ಚುವ ಕ್ರಮ ಇದು, ಬೇರೆಯವರಿಗೂ ಉಪಯೋಗಕ್ಕೆ ಬರಬಹುದು.

ಕಂಟ್ರೋಲ್ ಹಿಡಿದು ಯು ಒತ್ತಿದರೆ ಪುಟದ ಮೂಲ ಕಾಣುತ್ತದೆ. ಸರ್ವರ್ ಕಳಿಸಿದ್ದು ಹೇಗಿದೆಯೋ ಹಾಗೆ. ಎಫ್12 ಒತ್ತಿದರೆ ಇನ್‌ಸ್ಪೆಕ್ಟರ್ ಬರುತ್ತದೆ. ಅಲ್ಲಿ ಕಾಣುವುದು ಸ್ಕ್ರಿಪ್ಟ್‌ಗಳೆಲ್ಲ ಓಡಿದ ಮೇಲಿನ ಪುಟ. ಟಾರ್ಗೆಟ್ ಮೂಲದಲ್ಲೇ ಕಂಡರೆ ಅದು ಬರಹದಲ್ಲೋ ಮೆನುವಿನಲ್ಲೋ ಇದೆ. ಮೂಲದಲ್ಲಿ ಇಲ್ಲ, ಇನ್‌ಸ್ಪೆಕ್ಟರ್‌ನಲ್ಲಿ ಇದೆ ಎಂದರೆ ಯಾವುದೋ ಜಾವಾಸ್ಕ್ರಿಪ್ಟ್ ಆಮೇಲೆ ಅಂಟಿಸುತ್ತಿದೆ. ಎರಡರಲ್ಲೂ ಲಿಂಕ್ ಮೇಲೆ ಟಾರ್ಗೆಟ್ ಇಲ್ಲ, ಆದರೂ ಹೊಸ ಟ್ಯಾಬ್ ತೆರೆಯುತ್ತದೆ ಎಂದರೆ ಪುಟದ ತಲೆಯಲ್ಲಿ 'ಬೇಸ್' ಎಂಬ ಟ್ಯಾಗ್ ಹುಡುಕಬೇಕು. ಅದರಲ್ಲಿ ಒಮ್ಮೆ ಟಾರ್ಗೆಟ್ ಬರೆದರೆ ಸಾಕು, ತನ್ನದೇ ಟಾರ್ಗೆಟ್ ಇಲ್ಲದ ಪ್ರತಿ ಲಿಂಕೂ ಅದನ್ನೇ ಪಾಲಿಸುತ್ತದೆ. ಫಾರ್ಮ್ ಕೂಡ.

ಈ ತಾಣದಲ್ಲಿ ಅಷ್ಟೂ ಇದ್ದವು! ಬರಹದಲ್ಲಿ, ಮೆನುವಿನಲ್ಲಿ, ಸ್ಕ್ರಿಪ್ಟ್‌ನಲ್ಲಿ, ಬೇಸ್‌ನಲ್ಲಿ. ಒಂದನ್ನು ಕಿತ್ತರೆ ಇನ್ನೊಂದು ಅದರ ಕೆಲಸ ಮುಂದುವರಿಸುತ್ತಿತ್ತು.

ಬೇಸ್ ಟ್ಯಾಗ್ ಒಂದೇ ಸಾಲು. ಅಳಿಸಿದೆ. ಸ್ಕ್ರಿಪ್ಟ್ ಸ್ವಲ್ಪ ಮಜವಾಗಿತ್ತು. ಹೊರಗಿನ ತಾಣಗಳ ಲಿಂಕ್ ಮಾತ್ರ ಹೊಸ ಟ್ಯಾಬ್‌ನಲ್ಲಿ ತೆರೆಯಲಿ ಎಂಬುದು ಅದರ ಉದ್ದೇಶ. ಲಿಂಕ್‌ನ ವಿಳಾಸವನ್ನು ಸಂಘದ ವಿಳಾಸದ ಜೊತೆ ಹೋಲಿಸಿ ನೋಡುತ್ತಿತ್ತು. ಆದರೆ ಸ್ಕ್ರಿಪ್ಟ್‌ನಲ್ಲಿ ಬರೆದಿಟ್ಟ ವಿಳಾಸದ ಮುಂದೆ ಮೂರು ಡಬ್ಲ್ಯೂ ಇತ್ತು. ತಾಣ ಯಾವಾಗಲೋ ಡಬ್ಲ್ಯೂ ಇಲ್ಲದ ವಿಳಾಸಕ್ಕೆ ಹೋಗಿತ್ತು. ಹಾಗಾಗಿ ಸಂಘದ ಸ್ವಂತ ಪುಟಗಳೇ ಸ್ಕ್ರಿಪ್ಟ್‌ನ ಕಣ್ಣಿಗೆ ಪರಸ್ಥಳದವು. ಹೋಲಿಕೆಯನ್ನು ಸರಿಪಡಿಸುವ ಬದಲು ಸ್ಕ್ರಿಪ್ಟ್ ಅನ್ನೇ ತೆಗೆದೆ. ಹೊರಗಿನ ಲಿಂಕ್ ಎಂಬ ಒಂದೇ ಕಾರಣಕ್ಕೆ ಹೊಸ ಟ್ಯಾಬ್ ಯಾಕೆ ಬೇಕು? ಓದುವವರಿಗೆ ಒಳಗಿನದು ಹೊರಗಿನದು ಎಂಬ ಭೇದ ಇಲ್ಲ, ಒಂದು ಪುಟದಿಂದ ಇನ್ನೊಂದು ಪುಟ, ಅಷ್ಟೆ.

ಮೆನುವಿನದು ಅಡಗಿ ಕೂತಿತ್ತು. ವರ್ಡ್‌ಪ್ರೆಸ್‌ನ ಮೆನು ಪುಟದಲ್ಲಿ ಈ ಆಯ್ಕೆ ಮಾಮೂಲಿಯಾಗಿ ಕಾಣುವುದೇ ಇಲ್ಲ. ಮೇಲೆ ಬಲಗಡೆ 'ಸ್ಕ್ರೀನ್ ಆಪ್ಷನ್ಸ್' ತೆರೆದು 'ಲಿಂಕ್ ಟಾರ್ಗೆಟ್' ಮೇಲೆ ಟಿಕ್ ಹಾಕಿದರೆ ಮಾತ್ರ ಪ್ರತಿ ಮೆನು ಐಟಂ ಒಳಗೆ ಹೊಸ ಟ್ಯಾಬ್‌ನ ಚೌಕ ಕಾಣಿಸುತ್ತದೆ. ಎಲ್ಲದರ ಟಿಕ್ ತೆಗೆದು ಉಳಿಸಿದೆ.

ಬರಹಗಳದ್ದೇ ದೊಡ್ಡ ಕೆಲಸ. ಹಳೆಯ ಸುತ್ತೋಲೆಗಳು, ಮಹಾಸಭೆಯ ನೋಟಿಸುಗಳು, ಧಾರಣೆಯ ಹಳೆ ಪುಟಗಳು, ವರ್ಷಗಟ್ಟಲೆ ಸೇರಿದ ರಾಶಿ. ಒಂದೊಂದಾಗಿ ತೆರೆದು ತಿದ್ದುವುದು ಆಗದ ಮಾತು. ಸರ್ವರ್‌ಗೆ ದೂರದಿಂದಲೇ ಹೊಕ್ಕು ಆಜ್ಞೆ ಕೊಡಲು ಎಸ್‌ಎಸ್‌ಎಚ್ ಇತ್ತು, ವರ್ಡ್‌ಪ್ರೆಸ್ ಅನ್ನು ಆಜ್ಞೆಗಳಿಂದ ನಡೆಸುವ ಡಬ್ಲ್ಯೂಪಿ-ಸಿಎಲ್‌ಐ ಇತ್ತು. ಮೊದಲು ಡೇಟಾಬೇಸ್ ಪೂರ್ತಿ ಬ್ಯಾಕಪ್. ಆಮೇಲೆ ಅದರ 'ಸರ್ಚ್-ರಿಪ್ಲೇಸ್' ಆಜ್ಞೆ, ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ರೆಜೆಕ್ಸ್ ಆಯ್ಕೆ ಹಾಕಿ, ಬರಹದ ಕಾಲಂ ಒಂದಕ್ಕೇ ಸೀಮಿತ ಮಾಡಿ. 'ಡ್ರೈ-ರನ್' ಹಾಕಿದರೆ ಏನೂ ಬದಲಿಸದೆ ಎಷ್ಟು ಕಡೆ ಬದಲಾಗುತ್ತದೆ ಎಂದು ಮಾತ್ರ ಹೇಳುತ್ತದೆ. ಮೊದಲು ಅದನ್ನೇ ಓಡಿಸಬೇಕು.

ನೇರವಾಗಿ ಡೇಟಾಬೇಸ್‌ನಲ್ಲಿ, ಅದರದೇ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ರಿಪ್ಲೇಸ್ ಹೊಡೆಯುವವರೂ ಇದ್ದಾರೆ. ಬರಹದ ಟೇಬಲ್‌ಗೆ ಮಾತ್ರವಾದರೆ ನಡೆಯುತ್ತದೆ. ಆದರೆ ವಿಜೆಟ್‌ಗಳ, ಅಂದರೆ ಪುಟದ ಬದಿಯಲ್ಲೋ ಕೆಳಗೋ ಕೂರುವ ಸಣ್ಣ ತುಣುಕುಗಳ, ಮಾಹಿತಿ ಸೀರಿಯಲೈಸ್ ಆಗಿ ಕೂತಿರುತ್ತದೆ. ಪ್ರತಿ ಪದಗುಚ್ಛದ ಮುಂದೆ ಅದರ ಉದ್ದವನ್ನೂ ಬರೆದಿರುತ್ತಾರೆ. ಒಳಗಿನ ಅಕ್ಷರ ಕಡಿಮೆಯಾಗಿ ಉದ್ದದ ಲೆಕ್ಕ ಹಾಗೇ ಉಳಿದರೆ ವಿಜೆಟ್ಟೇ ಮಾಯವಾಗುತ್ತದೆ. ಡಬ್ಲ್ಯೂಪಿ-ಸಿಎಲ್‌ಐ ಆ ಲೆಕ್ಕವನ್ನೂ ಸರಿಮಾಡುತ್ತದೆ. ಹಾಗಾಗಿ ಅದೇ ವಾಸಿ.

ರೆಜೆಕ್ಸ್ ಬರೆಯುವಾಗ ಕೆಲವು ನೆನಪಿಡಬೇಕು. ಟಾರ್ಗೆಟ್ ಯಾವಾಗಲೂ ವಿಳಾಸದ ನಂತರವೇ ಇರಬೇಕೆಂದಿಲ್ಲ, ಮೊದಲೂ ಇರಬಹುದು. ಕೆಲವರು ಜೋಡಿ ಉದ್ಧರಣ ಚಿಹ್ನೆ ಹಾಕಿರುತ್ತಾರೆ, ಕೆಲವರು ಒಂಟಿ, ಕೆಲವರು ಹಾಕುವುದೇ ಇಲ್ಲ. ಇಲ್ಲಿ ಕೆಲವು ಕಡೆ ಬ್ಲ್ಯಾಂಕ್ ಬದಲು ಅಂಡರ್‌ಸ್ಕೋರ್ ಹಾಕಿದ 'ನ್ಯೂ' ಇತ್ತು. ಅದು ಎಚ್‌ಟಿಎಂಎಲ್‌ನಲ್ಲಿ ಇರುವ ಪದವೇ ಅಲ್ಲ. ಬ್ರೌಸರ್ ಅದನ್ನು ಒಂದು ಟ್ಯಾಬ್‌ನ ಹೆಸರು ಎಂದುಕೊಳ್ಳುತ್ತದೆ. ಮೊದಲ ಲಿಂಕ್‌ಗೆ ಹೊಸ ಟ್ಯಾಬ್ ತೆರೆಯುತ್ತದೆ. ಎರಡನೆಯ ಲಿಂಕ್ ಅದೇ ಟ್ಯಾಬ್‌ನಲ್ಲಿ ಹೋಗಿ ಕೂರುತ್ತದೆ, ಅಲ್ಲಿ ಅರ್ಧ ಓದಿಟ್ಟಿದ್ದ ಪುಟ ಹೋಯಿತು. ಹೊಸ ಟ್ಯಾಬ್‌ಗಿಂತ ಇದು ಇನ್ನೂ ಕೆಟ್ಟದ್ದು.

ಮಳೆಗಾಲದಲ್ಲಿ ಈ ಕೆಲಸ ಮಾಡುವವರಿಗೆ ಒಂದು ಮಾತು. ನಮ್ಮ ಕಡೆ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರ್ರೂ ಹೋಗುತ್ತದೆ. ಆಜ್ಞೆ ಅರ್ಧ ಓಡಿದಾಗ ಸಂಪರ್ಕ ಕಡಿದರೆ ಯಾವುದು ಬದಲಾಯಿತು, ಯಾವುದು ಇಲ್ಲ ಎಂದು ತಿಳಿಯದು. ಸರ್ವರ್‌ನಲ್ಲಿ ಟಿ-ಮಕ್ಸ್ ಎಂಬ ತಂತ್ರಾಂಶದ ಒಳಗೆ ಓಡಿಸಿದರೆ ಇಲ್ಲಿ ಲೈನ್ ಹೋದರೂ ಅಲ್ಲಿ ಕೆಲಸ ನಡೆಯುತ್ತಿರುತ್ತದೆ. ಕರೆಂಟ್ ಬಂದ ಮೇಲೆ ಹೋಗಿ ನೋಡಿದರಾಯಿತು.

ಈ ಹೊತ್ತಿಗೆ ಸಂಘದ ಕಾರ್ಯದರ್ಶಿಯವರಿಗೆ ಸುದ್ದಿ ಮುಟ್ಟಿತ್ತು. ಕರೆದು ಕೂರಿಸಿ ಕಾಫಿ ಕೊಟ್ಟೇ ಕೇಳಿದರು. "ಅಲ್ಲ, ಲಿಂಕ್ ಒತ್ತಿ ಸರ್ಕಾರದ ಸೈಟಿಗೆ ಹೋದ್ರೆ ನಮ್ಮ ಸೈಟ್ ಮುಚ್ಚಿ ಹೋಗ್ತದಲ್ಲ? ಜನ ವಾಪಸ್ ಬರೋದು ಹೇಗೆ?"

"ಹಿಂದಕ್ಕೆ ಒತ್ತಿ ಬರ್ತಾರೆ ಸರ್. ಈಗ ಬರೋಕೆ ಆಗ್ತಿಲ್ಲ, ಅದೇ ತೊಂದರೆ."

ಅವರು ಒಪ್ಪಲಿಲ್ಲ. ಈ ವಾದ ಹಳೆಯದು, ಅದರ ಹಿಂದಿನ ಭಯವೂ ನಿಜ. ಓದುವವರನ್ನು ಹಿಡಿದಿಟ್ಟುಕೊಳ್ಳಬೇಕು ಎಂಬ ಆಸೆ. ಆದರೆ ಹಿಂದಕ್ಕೆ ಹೋಗುವ ಗುಂಡಿ ಬ್ರೌಸರ್‌ನಲ್ಲಿ ಎಲ್ಲರಿಗೂ ಗೊತ್ತಿರುವ ಗುಂಡಿ. ಅದನ್ನೇ ಕೆಡಿಸಿ ಜನರನ್ನು ಉಳಿಸಿಕೊಳ್ಳುವುದು ಎಂದರೇನು? ಹೊಸ ಟ್ಯಾಬ್ ಬೇಕಾದವರು ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿದರೆ ಆಯಿತು. ಫೋನಿನಲ್ಲಿ ಲಿಂಕ್ ಮೇಲೆ ಬೆರಳು ಒತ್ತಿ ಹಿಡಿದರೆ ಆಯ್ಕೆ ಬರುತ್ತದೆ. ಪರದೆ ಓದುಗ ಬಳಸುವವರೂ ಕಂಟ್ರೋಲ್ ಜೊತೆ ಎಂಟರ್ ಒತ್ತಿ ತೆರೆಯಬಹುದು. ಆದರೆ ತಾಣವೇ ಹೊಸ ಟ್ಯಾಬ್ ಹೇರಿದಾಗ ಬೇಡ ಎನ್ನಲು ಅಂಥದೊಂದು ಸುಲಭದ ಗುಂಡಿ ಇಲ್ಲ. ಟಾರ್ಗೆಟ್ ಇಲ್ಲದ ಲಿಂಕ್‌ನಲ್ಲಿ ಎರಡೂ ದಾರಿ ಇವೆ, ಟಾರ್ಗೆಟ್ ಇರುವ ಲಿಂಕ್‌ನಲ್ಲಿ ಒಂದೇ. ನನ್ನ ವಾದವೆಲ್ಲ ಇಷ್ಟೇ.

"ಕಾನೂನು ಏನು ಹೇಳ್ತದೆ?" ಎಂದು ಕೇಳಿದರು ಆಮೇಲೆ. ಸಹಕಾರ ಸಂಘದವರಿಗೆ ಬೈಲಾ ತೋರಿಸದಿದ್ದರೆ ಸಮಾಧಾನ ಇಲ್ಲ.

ಇಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಜಾಲತಾಣಗಳು ಎಲ್ಲರಿಗೂ ಎಟುಕುವಂತಿರಬೇಕು ಎಂಬುದಕ್ಕೆ ಜಗತ್ತು ಹಿಡಿಯುವ ಅಳತೆಗೋಲು ಡಬ್ಲ್ಯೂಸಿಎಜಿ. ಮೊದಲ ಆವೃತ್ತಿ ಬಂದದ್ದು 1999ರ ಮೇ ತಿಂಗಳಲ್ಲಿ. ಓದುವವರಿಗೆ ಹೇಳದೆ ಹೊಸ ಕಿಟಕಿ ತೆರೆಯಬೇಡಿ ಎಂದು ಅದರಲ್ಲೇ ಇತ್ತು. ಎರಡನೆಯ ಆವೃತ್ತಿ 2008ರಲ್ಲಿ, 2.1 2018ರಲ್ಲಿ, 2.2 2023ರಲ್ಲಿ ಬಂತು. ಇವುಗಳಲ್ಲಿ ಕನಿಷ್ಠದಿಂದ ಅತಿ ಕಟ್ಟುನಿಟ್ಟಿನವರೆಗೆ ಮೂರು ಮಟ್ಟ: ಒಂದು ಎ, ಎರಡು ಎ, ಮೂರು ಎ. ಭಾರತದ ಸರ್ಕಾರಿ ತಾಣಗಳ ಮಾರ್ಗಸೂಚಿಯೂ ಗುರಿ ಇಡುವುದು ಎರಡು ಎ ಮಟ್ಟಕ್ಕೆ. ಹೊಸ ಕಿಟಕಿಯ ವಿಷಯ ಬರುವ 3.2.5 ಎಂಬ ನಿಯಮ ಮಾತ್ರ ಮೂರು ಎ ಮಟ್ಟದ್ದು. ಅಂದರೆ ಎರಡು ಎ ಲೆಕ್ಕದಲ್ಲಿ ಹೊಸ ಟ್ಯಾಬ್ ತೆರೆಯುವುದು ತಪ್ಪು ಅಲ್ಲ! ತಪ್ಪು ಎಂದು ವಾದಿಸುವ ಸಲಹೆಗಾರರು ಸಿಗುತ್ತಾರೆ, ನಂಬಬೇಡಿ. ಆದರೆ ಇದೇ ತಾಣದಲ್ಲಿ ಒಂದು ಎ ಮಟ್ಟದ ದೋಷಗಳೇ ಬೇಕಾದಷ್ಟಿದ್ದವು. ಎಲ್ಲ ಪುಟಕ್ಕೂ ಒಂದೇ ಶೀರ್ಷಿಕೆ ಇದ್ದದ್ದು ಅದರಲ್ಲಿ ಒಂದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಅದರ ನಿಯಮಗಳು ಬರೀ ಸಲಹೆಯಂತಿದ್ದರೆ ಸಾಲದು, ಕಡ್ಡಾಯದ ಮಾನದಂಡ ಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಇಷ್ಟನ್ನೂ ಅವರ ಮುಂದಿಟ್ಟೆ.

ಕಾನೂನು ಕೇಳಿ ಅವರು ತಲೆ ಆಡಿಸಿದರು ಅಷ್ಟೆ. ಮನಸ್ಸು ಬದಲಾದದ್ದು ಕೌಂಟರ್‌ನ ಕಂಪ್ಯೂಟರ್ ನೋಡಿ. ಸದಸ್ಯರಿಗೆ ಧಾರಣೆ ತೋರಿಸಲು ಇಟ್ಟ ಯಂತ್ರ ಅದು. ಮಧ್ಯಾಹ್ನದ ಹೊತ್ತಿಗೆ ಅದರ ಬ್ರೌಸರ್ ತುಂಬ ಸಂಘದ್ದೇ ಪುಟಗಳ ಟ್ಯಾಬ್ ಸಾಲು, ಒಂದೊಂದೂ ಉಗುರಿನಷ್ಟು ಅಗಲ. ಕೆಲವದರಲ್ಲಿ ಬೆಳಿಗ್ಗೆಯ ಧಾರಣೆ, ಕೆಲವದರಲ್ಲಿ ನಿನ್ನೆಯದ್ದು. ಯಾರೋ ಹಳೆಯ ಟ್ಯಾಬ್ ನೋಡಿ ರಾಶಿಗೆ ನಿನ್ನೆಯ ರೇಟು ಎಂದುಕೊಂಡು ಜಗಳ ಆಡಿ ಹೋದದ್ದು ಗುಮಾಸ್ತರಿಗೆ ನೆನಪಿತ್ತು. "ಅದಕ್ಕೂ ಇದೇ ಕಾರಣನಾ?" ಎಂದರು ಕಾರ್ಯದರ್ಶಿ. ಹೌದು ಎಂದೆ. ಮಾಡಿ ಎಂದರು.

ಹಳೆಯ ಟಾರ್ಗೆಟ್‌ನ ಇನ್ನೊಂದು ಅಪಾಯ ಈಗ ಬಹುಮಟ್ಟಿಗೆ ಇಲ್ಲ, ಆದರೂ ಹೇಳಿಬಿಡುತ್ತೇನೆ. ಮೊದಲೆಲ್ಲ ಹೊಸ ಟ್ಯಾಬ್‌ನಲ್ಲಿ ತೆರೆದ ಪುಟಕ್ಕೆ ಹಿಂದಿನ ಟ್ಯಾಬ್ ಮೇಲೆ ಹಿಡಿತ ಸಿಗುತ್ತಿತ್ತು. ಕೆಟ್ಟ ಪುಟವಾದರೆ ನಿಮ್ಮ ಹಿಂದಿನ ಟ್ಯಾಬ್ ಅನ್ನು ಸದ್ದಿಲ್ಲದೆ ನಕಲಿ ಲಾಗಿನ್ ಪುಟಕ್ಕೆ ಕಳಿಸಬಹುದಿತ್ತು. ಅದನ್ನು ತಡೆಯಲು ಲಿಂಕ್‌ಗೆ 'ನೋ-ಓಪನರ್' ಎಂದು ಸೇರಿಸಬೇಕಿತ್ತು. 2020ರ ಫೈರ್‌ಫಾಕ್ಸ್ 79, 2021ರ ಕ್ರೋಮ್ 88ರಿಂದ ಬ್ರೌಸರ್‌ಗಳೇ ಇದನ್ನು ಮಾಡಿಕೊಳ್ಳುತ್ತವೆ. ಕೌಂಟರ್‌ನ ಯಂತ್ರದಲ್ಲಿ ಇನ್ನೂ ವಿಂಡೋಸ್ 7 ಇತ್ತು, ಹಳೆಯ ಬ್ರೌಸರ್ ಇತ್ತು. ಹಾಗಾಗಿ ಉಳಿಸಿಕೊಂಡ ಲಿಂಕ್‌ಗಳಿಗೆ ನೋ-ಓಪನರ್ ಬರೆದೇ ಇಟ್ಟೆ.

ಉಳಿಸಿಕೊಂಡ ಲಿಂಕ್‌ಗಳು ಯಾವುವು? ಬೆಳೆ ಸಾಲದ ಅರ್ಜಿ ಉದ್ದದ ಫಾರ್ಮ್. ಅರ್ಧ ತುಂಬುವಾಗ ಸರ್ವೆ ನಂಬರ್, ಹಿಸ್ಸಾ ನಂಬರ್ ಕೇಳುತ್ತದೆ. ಪಹಣಿ ಮನೆಯಲ್ಲಿ ಎಲ್ಲೋ ಇರುತ್ತದೆ. ಅಲ್ಲೇ ಭೂಮಿ ಪೋರ್ಟಲ್‌ನ ಲಿಂಕ್ ಇದೆ. ಅದು ಅದೇ ಟ್ಯಾಬ್‌ನಲ್ಲಿ ತೆರೆದರೆ ತುಂಬಿದ್ದೆಲ್ಲ ಹೋಗುವ ಅಪಾಯ. ಇಂಥ ಕಡೆ ಹೊಸ ಟ್ಯಾಬ್ ಸರಿ. ಡಬ್ಲ್ಯೂಸಿಎಜಿಯ ಜೊತೆಗಿರುವ ವಿವರಣೆಗಳೂ ಇದನ್ನೇ ಹೇಳುತ್ತವೆ: ಹಂತ ಹಂತದ ಕೆಲಸದ ನಡುವೆ ಸಹಾಯ ನೋಡಬೇಕಾದಾಗ, ಲಾಗಿನ್ ಆಗಿರುವವರು ಹೊರಗೆ ಹೋದರೆ ಲಾಗಿನ್ ಕಡಿಯುವಾಗ. ಅಂಥ ಲಿಂಕ್ ಈ ತಾಣದಲ್ಲಿ ಬೆರಳೆಣಿಕೆಯಷ್ಟು.

ಕೆಲವು ಕಡೆ ಹೊಸ ಟ್ಯಾಬ್‌ನ ಅಗತ್ಯವನ್ನೇ ಇಲ್ಲವಾಗಿಸಿದೆ. 'ಜಾಮೀನುದಾರರು ಯಾರಾಗಬಹುದು' ಎಂಬ ವಿವರಣೆ ಬೇರೆ ಪುಟದಲ್ಲಿತ್ತು. ಅದನ್ನು ಫಾರ್ಮ್ ಒಳಗೇ ತಂದು 'ಡೀಟೇಲ್ಸ್' ಎಂಬ ಎಚ್‌ಟಿಎಂಎಲ್ ಅಂಶದಲ್ಲಿ ಇಟ್ಟೆ. ಒತ್ತಿದರೆ ಅಲ್ಲೇ ಬಿಚ್ಚಿಕೊಳ್ಳುತ್ತದೆ, ಮತ್ತೆ ಒತ್ತಿದರೆ ಮುಚ್ಚುತ್ತದೆ. ಸ್ಕ್ರಿಪ್ಟ್ ಬೇಕಿಲ್ಲ, ಬಿಚ್ಚಿದೆಯೋ ಮುಚ್ಚಿದೆಯೋ ಎಂದು ಎನ್‌ವಿಡಿಎ ತಾನೇ ಹೇಳುತ್ತದೆ.

ಉಳಿದವಕ್ಕೆ ಎಚ್ಚರಿಕೆ ಬೇಕು. ಒತ್ತುವ ಮೊದಲೇ ಗೊತ್ತಾಗಬೇಕು, ಒತ್ತಿದ ಮೇಲಲ್ಲ. ಇದನ್ನು ಹೇಗೆ ಮಾಡುವುದು ಎಂಬುದರಲ್ಲಿ ಆಯ್ಕೆಗಳಿವೆ. ಚೌಕದಿಂದ ಹೊರಗೆ ಚಾಚಿದ ಬಾಣದ ಚಿತ್ರ ಹಾಕುವುದು ರೂಢಿ. ಅದನ್ನು ಹಾಕಿ ಕೌಂಟರ್‌ಗೆ ಬಂದ ಸದಸ್ಯರಿಗೆ ತೋರಿಸಿದೆ. ಒಬ್ಬರು ಡೌನ್‌ಲೋಡ್ ಎಂದರು, ಇನ್ನೊಬ್ಬರು ಸುಮ್ನೆ ಅಲಂಕಾರ ಎಂದರು. ಏರಿಯಾ-ಲೇಬಲ್ ಎಂಬ ಗುಣದಲ್ಲಿ ಬರೆಯುವುದು ಇನ್ನೊಂದು ದಾರಿ. ಅದು ಪರದೆ ಓದುಗಕ್ಕೆ ಮಾತ್ರ ಕೇಳುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕಣ್ಣು ಮಂಜಾಗಿ ಪರದೆಯನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ಓದುವವರಿಗೆ ಟ್ಯಾಬ್ ಸಾಲು ಪರದೆಯ ಆಚೆ ಹೋಗಿರುತ್ತದೆ. ಅವರಿಗೂ ಎಚ್ಚರಿಕೆ ಬೇಕಲ್ಲ. ಅಲ್ಲದೆ ಏರಿಯಾ-ಲೇಬಲ್ ಲಿಂಕ್‌ನ ಒಳಗಿನ ಮಾತನ್ನು ಪೂರ್ತಿ ಮುಚ್ಚಿಹಾಕುತ್ತದೆ. ನಾಳೆ ಗುಮಾಸ್ತರು ಲಿಂಕ್‌ನ ಮಾತು ಬದಲಿಸಿ ಲೇಬಲ್ ಬದಲಿಸದಿದ್ದರೆ ಕಾಣುವುದೊಂದು, ಕೇಳುವುದೊಂದು.

ಕೊನೆಗೆ ಲಿಂಕ್ ಒಳಗೇ ಮಾಮೂಲಿ ಅಕ್ಷರದಲ್ಲಿ ಬರೆದೆ: 'ಭೂಮಿ ಪೋರ್ಟಲ್‌ನಲ್ಲಿ ಪಹಣಿ ನೋಡಿ, ಹೊಸ ಟ್ಯಾಬ್'. ಎಲ್ಲರಿಗೂ ಕಾಣುತ್ತದೆ, ಎಲ್ಲರಿಗೂ ಕೇಳುತ್ತದೆ. ಚೆಂದ ಕಾಣುವುದಿಲ್ಲ ಎಂದು ಒಬ್ಬರು ಹೇಳಿದರು. ಚೆಂದ ಕಾಣದಿದ್ದರೆ ಬೇಡ ಬಿಡಿ.

ಲಿಂಕ್‌ಗಳ ಮೇಲೆ ಕೈ ಹಾಕಿದ ಮೇಲೆ ಅವುಗಳ ಮಾತನ್ನೂ ನೋಡಲೇಬೇಕಾಯಿತು. ಎನ್‌ವಿಡಿಎ ಕೀಲಿ ಹಿಡಿದು ಎಫ್7 ಒತ್ತಿದರೆ ಪುಟದ ಲಿಂಕ್‌ಗಳೆಲ್ಲ ಒಂದೇ ಪಟ್ಟಿಯಲ್ಲಿ ಬರುತ್ತವೆ. ಸುತ್ತೋಲೆ ಪುಟದಲ್ಲಿ ಆ ಪಟ್ಟಿ ಓದಿಸಿದರೆ 'ಇಲ್ಲಿ ಕ್ಲಿಕ್ ಮಾಡಿ', 'ಇಲ್ಲಿ ಕ್ಲಿಕ್ ಮಾಡಿ', ಮತ್ತೆ 'ಇಲ್ಲಿ ಕ್ಲಿಕ್ ಮಾಡಿ'. ಎಲ್ಲಿ? ಈಗ ಪ್ರತಿಯೊಂದಕ್ಕೂ ಸುತ್ತೋಲೆಯ ವಿಷಯ, ತಾರೀಕು, ಪಿಡಿಎಫ್ ಆದರೆ ಹಾಗೆಂದು ಮತ್ತು ಅದರ ಗಾತ್ರ.

ಪುಟದ ಭಾಷೆಯನ್ನೂ ಸರಿಮಾಡಬೇಕಿತ್ತು. ತಾಣ ಪೂರ್ತಿ ಕನ್ನಡದಲ್ಲಿದ್ದರೂ ಎಚ್‌ಟಿಎಂಎಲ್‌ನಲ್ಲಿ ಭಾಷೆ ಇಂಗ್ಲಿಷ್ ಎಂದಿತ್ತು. ಪರದೆ ಓದುಗ ಅದನ್ನು ನಂಬಿ ಇಂಗ್ಲಿಷ್ ದನಿ ಹಿಡಿಯುತ್ತದೆ. ಮೇಷ್ಟ್ರು ಕೈಯಾರೆ ಕನ್ನಡ ದನಿಗೆ ಬದಲಿಸಿಕೊಂಡು ಓದುತ್ತಿದ್ದರಂತೆ. ವರ್ಡ್‌ಪ್ರೆಸ್‌ನ ಜನರಲ್ ಸೆಟ್ಟಿಂಗ್ಸ್‌ನಲ್ಲಿ ತಾಣದ ಭಾಷೆ ಕನ್ನಡ ಮಾಡಿ, ಹೆಡರ್‌ನಲ್ಲಿ ಕೈಯಲ್ಲಿ ಬರೆದಿದ್ದನ್ನು ತೆಗೆದರೆ ಆಯಿತು. ಎನ್‌ವಿಡಿಎ ಜೊತೆ ಬರುವ ಇ-ಸ್ಪೀಕ್ ಎಂಬ ದನಿ ತಂತ್ರಾಂಶಕ್ಕೆ ಕನ್ನಡ ಬರುತ್ತದೆ. ಯಂತ್ರದ ದನಿ, ಇಂಪಿಲ್ಲ. ಆದರೆ ಮೇಷ್ಟ್ರು ಅದನ್ನು ಓಡಿಸುವ ವೇಗಕ್ಕೆ ನನಗೆ ಒಂದು ಪದವೂ ಹಿಡಿಯಲಾಗಲಿಲ್ಲ.

ಪಿಡಿಎಫ್‌ಗಳದ್ದು ಬೇರೆಯೇ ತಲೆನೋವು. ಕೊಳೆರೋಗದ ಸುತ್ತೋಲೆ ತೆರೆದೆವು. ಹಳೆಯ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ನೋಡಲು ಚೊಕ್ಕ ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೊಂದಲ. ದನಿ ಏನೇನೋ ಒದರಿತು. ನಡುವೆ 1, 1, 100 ಎಂಬ ಅಂಕಿಗಳು ಮಾತ್ರ ಸರಿಯಾಗಿ ಕೇಳಿದವು. "ಬೋರ್ಡೋ ಇರಬೇಕು" ಎಂದರು ಮೇಷ್ಟ್ರು. ಹೌದು. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಅಳತೆ ಅದು: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಅನುಭವಸ್ಥರಾಗಿದ್ದಕ್ಕೆ ಗೊತ್ತಾಯಿತು.

ಇವನ್ನು ಪಿಡಿಎಫ್ ಆಗಿ ಹೊಸ ಟ್ಯಾಬ್‌ನಲ್ಲಿ ತೆರೆಯಬೇಕೋ ಹಳೆಯದರಲ್ಲೋ ಎಂಬ ಚರ್ಚೆಯೇ ದಂಡ. ಓದಲು ಬರದ್ದನ್ನು ಎಲ್ಲಿ ತೆರೆದರೇನು? ಅಕ್ಷರ ಯೂನಿಕೋಡ್‌ಗೆ ಪರಿವರ್ತಿಸಿ ಮಾಮೂಲಿ ಪುಟಗಳನ್ನಾಗಿ ಮಾಡುತ್ತಿದ್ದೇವೆ. ಪರಿವರ್ತನೆಯಲ್ಲಿ ಅರ್ಕಾವತ್ತು ಜಾಗ ತಪ್ಪುತ್ತದೆ. 'ವರ್ಷ' ಎಂಬುದು 'ವಷ್ರ' ಆಗಿರುತ್ತದೆ. ಕಣ್ಣಲ್ಲಿ ಓದುವಾಗ ನಮಗೆ ಅದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮೇಷ್ಟ್ರು ಕಿವಿಯಲ್ಲಿ ಹಿಡಿಯುತ್ತಾರೆ. ಪ್ರೂಫ್ ಕೆಲಸ ಪೂರ್ತಿ ಈಗ ಅವರದ್ದೇ. ಸಂಘ ಅದಕ್ಕೆ ಸಂಭಾವನೆಯನ್ನೂ ಕೊಡುತ್ತಿದೆ.

ಕಿತ್ತ ಕಳೆ ಮತ್ತೆ ಹುಟ್ಟದಂತೆ ಒಂದು ಏರ್ಪಾಡು ಬೇಕಿತ್ತು. ಗುಮಾಸ್ತರು ಬೇರೆ ಕಡೆಯಿಂದ ಬರಹ ನಕಲು ಮಾಡಿ ಅಂಟಿಸುತ್ತಾರೆ. ಅದರ ಜೊತೆ ಟಾರ್ಗೆಟ್ ಕೂಡ ಬರುತ್ತದೆ. ಚೈಲ್ಡ್ ಥೀಮ್‌ನಲ್ಲಿ ಒಂದು ಸಣ್ಣ ಫಂಕ್ಷನ್ ಬರೆದೆ. ಬರಹ ಉಳಿಸುವ ಹೊತ್ತಿಗೆ ಅದು ಲಿಂಕ್‌ಗಳನ್ನು ನೋಡುತ್ತದೆ. ಲಿಂಕ್‌ನ ಮಾತಿನಲ್ಲೇ 'ಹೊಸ ಟ್ಯಾಬ್' ಎಂದು ಬರೆದಿದ್ದರೆ ಟಾರ್ಗೆಟ್ ಬಿಡುತ್ತದೆ, ಇಲ್ಲದಿದ್ದರೆ ತೆಗೆದುಹಾಕುತ್ತದೆ. ಹೊಸ ಟ್ಯಾಬ್ ಬೇಕೆಂದರೆ ಓದುವವರಿಗೆ ಹೇಳಲೇಬೇಕು, ಹೇಳದಿದ್ದರೆ ಸಿಗುವುದಿಲ್ಲ. ಗುಮಾಸ್ತರಿಗೆ ಬೇರೆ ಪಾಠ ಹೇಳುವ ಕೆಲಸ ತಪ್ಪಿತು.

ಕೈಗೆ ಸಿಗದೆ ಉಳಿದದ್ದು ಸಂಪರ್ಕ ಪುಟದ ನಕ್ಷೆ. ಅದು ಐಫ್ರೇಮ್ ಒಳಗೆ, ಅಂದರೆ ನಮ್ಮ ಪುಟದೊಳಗೆ ಬೇರೆ ತಾಣದ ಪುಟ ತೋರಿಸುವ ಚೌಕಟ್ಟಿನಲ್ಲಿ ಬರುತ್ತದೆ, ಅದರೊಳಗಿನ ಲಿಂಕ್‌ಗಳು ನಮ್ಮ ಮಾತು ಕೇಳುವುದಿಲ್ಲ, ತಮಗೆ ಬೇಕಾದಂತೆ ಹೊಸ ಟ್ಯಾಬ್ ತೆರೆಯುತ್ತವೆ. ಐಫ್ರೇಮ್‌ಗೆ 'ಸಂಘದ ಕಚೇರಿಯ ನಕ್ಷೆ' ಎಂದು ಶೀರ್ಷಿಕೆ ಕೊಟ್ಟೆ, ಏನೆಂದು ತಿಳಿದು ದಾಟಿಕೊಂಡು ಹೋಗಲಿ ಎಂದು. ನಕ್ಷೆಯ ಮೇಲ್ಗಡೆ ದಾರಿಯನ್ನು ಮಾತಿನಲ್ಲೇ ಬರೆದೆವು. ಯಾವ ಬಸ್ಸು, ಎಲ್ಲಿ ಇಳಿಯಬೇಕು, ಇಳಿದು ಯಾವ ಕಡೆ ತಿರುಗಬೇಕು, ಮೆಟ್ಟಿಲು ಎಷ್ಟು, ಹಿಡಿದುಕೊಳ್ಳಲು ಕಂಬಿ ಯಾವ ಬದಿಗಿದೆ. ಮೆಟ್ಟಿಲಿನ ಲೆಕ್ಕ ಮೇಷ್ಟ್ರು ಹೇಳಿ ಬರೆಸಿದ್ದು.